ಸೂರ್ಯಾಸ್ತಕ್ಕೆ ಲೊಕೇಶನ್ ಬೇಕಾಗಿದೆ!

ಸಿನಿಮಾದಲ್ಲಿ ಸೂರ್ಯ ಮುಳುಗಿದರೆ ಏನರ್ಥ ಅಂತ ನಿಮಗೆ ಹೇಳಿಕೊಡಬೇಕೆ? ಒಂದೋ ನಾಯಕಿಗೆ ಬೇರೆ ಕಡೆ ಮದುವೆ ಗೊತ್ತಾಯಿತು, ಇಲ್ಲವೇ ನಾಯಕನ ತಾಯಿ ಕಣ್ಣು ಮುಚ್ಚಿದಳು. ಎರಡೂ ಅಲ್ಲ ಅಂದರೆ ಡ್ಯುಯೆಟ್ಟಿನ ಕೊನೇ ಚರಣ ಬಂತು ಅಂತ ಲೆಕ್ಕ. ಗಾಂಧಿನಗರದ ಸೂರ್ಯ ಸುಮ್ಮಸುಮ್ಮನೆ ಮುಳುಗುವ ಆಸಾಮಿಯಲ್ಲ!

ಆದರೆ ಗೆಳೆಯರೇ, ಒಂದು ಗುಟ್ಟು ಹೇಳುತ್ತೇನೆ. ಇಪ್ಪತ್ತು ವರ್ಷ ತುಂಬುವ ತನಕ ನಾನು ಸರಿಯಾದ ಸೂರ್ಯಾಸ್ತ ನೋಡಿದ್ದೆಲ್ಲ ಪರದೆಯ ಮೇಲೇ. ನಗಬೇಡಿ. ನನ್ನೂರು ತುರುವೇಕೆರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಗೊತ್ತು, ಎಡಕ್ಕೆ ತೆಂಗು, ಬಲಕ್ಕೆ ತೆಂಗು, ಎದುರಿಗೆ ತೆಂಗು. ಸಂಜೆ ಐದೂವರೆ ಆಯಿತೋ ಇಲ್ಲವೋ, ಸೂರ್ಯ ಗರಿಗಳ ನಡುವೆ ಸಿಕ್ಕಿಬೀಳುತ್ತಾನೆ. ಅಲ್ಲಲ್ಲಿ ಚಿಲ್ಲರೆ ಕಾಸಿನ ಹಾಗೆ ಬೆಳಕು ಚೆಲ್ಲುತ್ತಾನೆ. ಆಮೇಲೆ ಕತ್ತಲೆ. ನಮ್ಮ ಕಡೆ ಸೂರ್ಯ ಮುಳುಗುವುದಿಲ್ಲ ಸ್ವಾಮಿ, ತೋಟಕ್ಕೆ ಬೀಳುತ್ತಾನೆ!

ಒಂದೇ ವಿನಾಯಿತಿ ಅಂದರೆ ಕೆರೆ ಏರಿ. ನೀರಿನ ಮೇಲೆ ತೆಂಗು ಹಾಕುವ ಗಂಡಸು ಇನ್ನೂ ಹುಟ್ಟಿಲ್ಲವಲ್ಲ. ಮಲ್ಲಾಘಟ್ಟದ ಕೆರೆ ತುಂಬಿದಾಗ ಏರಿ ಮೇಲೆ ನಿಂತರೆ ಆಕಾಶ ಅನ್ನೋದು ಎಷ್ಟು ಅಗಲ ಅಂತ ಗೊತ್ತಾಗುತ್ತದೆ. ಆದರೆ ಅಲ್ಲೂ ಆಚೆ ದಡದಲ್ಲಿ ತೋಟದ ಸಾಲು ಗೋಡೆ ಕಟ್ಟಿದಂತೆ ನಿಂತಿರುತ್ತದೆ. ಕೆಂಪಗಾಗುವ ಮುಂಚೆಯೇ ಸೂರ್ಯ ಆ ಗೋಡೆ ಹಿಂದಕ್ಕೆ ಜಾರಿಬಿಡುತ್ತಾನೆ. ಕ್ಲೈಮಾಕ್ಸಿಗೆ ಮುಂಚೆ ಕರೆಂಟು ಹೋದಂತೆ.

ಒಂದು ಶಾಟ್ ಬಾಕಿ

ಇಷ್ಟೆಲ್ಲ ಈಗ ಯಾಕೆ ಅಂತೀರಾ? ನಮ್ಮೂರಿನಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ಹಗಲು ಮೊಬೈಲ್ ರಿಪೇರಿ ಅಂಗಡಿ, ರಾತ್ರಿ ಡೈರೆಕ್ಟರ್. ಇಪ್ಪತ್ತು ನಿಮಿಷದ ಕಿರುಚಿತ್ರವೊಂದನ್ನು ಎರಡು ವರ್ಷದಿಂದ ತೆಗೆಯುತ್ತಾ ಇದ್ದಾನೆ. ಬೋರ್‌ವೆಲ್ ಕೊರೆಸಿ ಕೈ ಸುಟ್ಟುಕೊಂಡ ರೈತನ ಕಥೆ. ಕಥೆ ಬರೆದವನು ನಾನೇ ಅಂತ ಹೇಳಿಕೊಳ್ಳಲು ಸ್ವಲ್ಪ ಸಂಕೋಚ. ಎಲ್ಲಾ ಮುಗಿದು ಕೊನೇ ಶಾಟ್ ಒಂದು ಉಳಿದಿತ್ತು. ಬಟಾಬಯಲು, ಒಬ್ಬನೇ ಮನುಷ್ಯ, ಎದುರಿಗೆ ಮುಳುಗುವ ಸೂರ್ಯ. ಇಷ್ಟೇ.

"ನಮ್ಮ ತಾಲ್ಲೂಕಲ್ಲಿ ಬಟಾಬಯಲು ಎಲ್ಲೈತ್ಲಾ?" ಅಂದ.

"ಹುಡುಕನ ಬಾರ್ಲಾ" ಅಂದೆ.

ಈ ಹುಡುಕಾಟ ಸುಲಭ ಅಂದುಕೊಂಡಿದ್ದೆವು. ಆದರೆ ಕ್ಯಾಮೆರಾ ಹಿಡಿದವರಿಗೆ ಸೂರ್ಯಾಸ್ತದಷ್ಟು ಆಟ ಆಡಿಸುವ ನಟ ಬೇರೆ ಇಲ್ಲ. ಸೂರ್ಯನ ಅಂಚು ನೆಲ ಮುಟ್ಟಿದ ಮೇಲೆ ಪೂರ್ತಿ ಕಾಣೆಯಾಗಲು ನಮ್ಮ ಕಡೆ ಹಿಡಿಯುವುದು ಎರಡು ನಿಮಿಷಕ್ಕಿಂತ ಒಂಚೂರು ಹೆಚ್ಚು, ಅಷ್ಟೆ. ರೀಟೇಕ್ ಬೇಕು ಅಂದರೆ ನಾಳೆ ಬನ್ನಿ ಅನ್ನುತ್ತಾನೆ. ಮುಳುಗಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಒಂದು ಮೆತ್ತನೆ ಬೆಳಕು ಉಳಿಯುತ್ತದಲ್ಲ, ಅದಕ್ಕೆ ಕ್ಯಾಮೆರಾಮನ್‌ಗಳು ಮ್ಯಾಜಿಕ್ ಅವರ್ ಅನ್ನುತ್ತಾರೆ. ಹೆಸರಿಗೆ ಅವರ್, ಇರುವುದು ಅರ್ಧ ಗಂಟೆ!

1975ರ 'ಶೋಲೆ' ನೆನಪು ಮಾಡಿಕೊಳ್ಳಿ. ವಿಧವೆ ರಾಧಾ, ಅಂದರೆ ಜಯಾ ಭಾದುರಿ, ಹವೇಲಿಯ ಪಡಸಾಲೆಯಲ್ಲಿ ಒಂದೊಂದೇ ದೀಪ ಆರಿಸುತ್ತಾ ಬರುತ್ತಾಳೆ. ಕೆಳಗೆ ಕೂತ ಜೈ, ಅಮಿತಾಭ್ ಬಚ್ಚನ್, ಮೌತ್ ಆರ್ಗನ್ ಊದುತ್ತಾನೆ. ಮಾತೇ ಇಲ್ಲ. ಪರದೆ ಮೇಲೆ ಕಣ್ಣುಮುಚ್ಚಿ ತೆಗೆಯುವುದರೊಳಗೆ ಮುಗಿಯುವ ಆ ದೃಶ್ಯವನ್ನು ಛಾಯಾಗ್ರಾಹಕ ದ್ವಾರಕಾ ದಿವೇಚಾ ಈ ಮ್ಯಾಜಿಕ್ ಅವರ್‌ನಲ್ಲೇ ತೆಗೆಯಬೇಕು ಅಂತ ಪಟ್ಟು ಹಿಡಿದರು. ದಿನವೆಲ್ಲ ತಯಾರಿ, ಸಂಜೆ ಒಂದು ಗುಟುಕು ಬೆಳಕು. ಅದು ಮುಗಿಯಲು ಇಪ್ಪತ್ತು ದಿನ ಹಿಡಿಯಿತು. ಎಲ್ಲಿ? ಬೊಂಬಾಯಿಯಲ್ಲಲ್ಲ, ನಮ್ಮ ರಾಮನಗರದ ಬಂಡೆಗಳ ನಡುವೆ!

ಹಾಗಾದರೆ ರಾಮನಗರಕ್ಕೇ ಹೋಗಬಹುದಿತ್ತಲ್ಲ ಅಂತ ಕೇಳುತ್ತೀರಿ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಹದ್ದುಗಳು ಮನೆ ಸೇರುವ ಹೊತ್ತಿಗೆ ನಾವು ಆಕ್ಷನ್, ಕಟ್ ಅಂತ ಕೂಗುವುದು ಸರಿಯಲ್ಲ. ಅಲ್ಲದೆ ನಮಗೆ ಬೇಕಾಗಿದ್ದು ಬಂಡೆಯಲ್ಲ, ಬಯಲು. ಅದಕ್ಕೇ ಉಲ್ಟಾ ದಿಕ್ಕು ಹಿಡಿದೆವು.

ರಾಮಾಚಾರಿಯ ಕೋಟೆಯಲ್ಲಿ

2024ರ ಏಪ್ರಿಲ್. ಕೆ.ಬಿ. ಕ್ರಾಸ್, ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು. ಒಂದೊಂದು ಊರು ದಾಟಿದ ಹಾಗೂ ತೆಂಗು ತೆಳ್ಳಗಾಗುತ್ತದೆ, ಆಕಾಶ ದಪ್ಪಗಾಗುತ್ತದೆ. ಹಿರಿಯೂರು ದಾಟಿದ ಮೇಲೆ ಜಾಲಿ, ಕಲ್ಲು, ಕೆಂಪು ಮಣ್ಣು, ಗುಡ್ಡದ ಮೇಲೆ ಗಾಳಿಯಂತ್ರ. ಕರ್ನಾಟಕದ ಅತಿ ಕಡಿಮೆ ಮಳೆಯ ಸೀಮೆ ಇದು. ಮರಳುಗಾಡು ಅಂತ ಕರೆಯಲು ಮರಳೊಂದೇ ಕಮ್ಮಿ.

ಚಿತ್ರದುರ್ಗ ಅಂದರೆ ಸಿನಿಮಾದವರಿಗೆ ತೀರ್ಥಕ್ಷೇತ್ರ. 1972ರ 'ನಾಗರಹಾವು'. ತರಾಸು ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ಹೆಣೆದ ಚಿತ್ರ, ಚಿಟ್ಟಿಬಾಬು ಕ್ಯಾಮೆರಾ. ಸಂಪತ್ ಕುಮಾರ್ ಎಂಬ ಹುಡುಗ ವಿಷ್ಣುವರ್ಧನ್ ಆಗಿ ಬಂದಿದ್ದೇ ಈ ಬಂಡೆಗಳ ಮೇಲೆ. ಕೆ.ಎಸ್. ಅಶ್ವತ್ಥರ ಚಾಮಯ್ಯ ಮೇಷ್ಟ್ರು, ಜಯಂತಿಯವರ ಓಬವ್ವ. ನನ್ನ ಗೆಳೆಯನಂತೂ ಬಾಗಿಲಲ್ಲೇ ಚಪ್ಪಲಿ ಬಿಡುವುದರಲ್ಲಿದ್ದ. "ಬಂಡೆ ಕಾದೈತೆ, ಹಾಕ್ಕೊಳ್ಲಾ" ಅಂದೆ.

ಮಧ್ಯಾಹ್ನ ಮೂರಕ್ಕೇ ಒಳಗೆ ಹೋದೆವು. ಓಬವ್ವನ ಕಿಂಡಿ ನೋಡಿದೆವು. ಏಕನಾಥೇಶ್ವರಿ ಗುಡಿ, ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ಎಲ್ಲಾ ಸುತ್ತಿ, ಪಶ್ಚಿಮಕ್ಕೆ ತೆರೆದುಕೊಂಡ ಎತ್ತರದ ಬಂಡೆಯೊಂದನ್ನು ಹಿಡಿದೆವು. ಕೆಳಗೆ ಮದಕರಿನಾಯಕನ ಏಳು ಸುತ್ತಿನ ಕೋಟೆ. 1779ರಲ್ಲಿ ಹೈದರಾಲಿಯ ವಶವಾಗುವ ತನಕ ಇಲ್ಲಿ ಕಾವಲಿನವರು ದಿನಾ ನೋಡುತ್ತಿದ್ದ ಸೂರ್ಯಾಸ್ತ ಇವತ್ತು ನಮ್ಮದು ಅಂತ ಕೈ ಉಜ್ಜಿಕೊಂಡೆವು.

ಆರು ಗಂಟೆಗೆ ಹತ್ತಿಪ್ಪತ್ತು ನಿಮಿಷ ಇದ್ದಾಗ ಪೀಪಿ ಊದಿದರು.

ಕೋಟೆ ಬಾಗಿಲು ಆರಕ್ಕೆ ಮುಚ್ಚುತ್ತದೆ. ಏಪ್ರಿಲ್‌ನಲ್ಲಿ ದುರ್ಗದ ಸೂರ್ಯ ಮುಳುಗುವುದು ಆರೂವರೆ ದಾಟಿದ ಮೇಲೆ. ಅವನು ಇನ್ನೂ ನಾಲ್ಕು ಬೆರಳಿಗಿಂತ ಮೇಲಿದ್ದ. ಕೈ ಚಾಚಿ ನಾಲ್ಕು ಬೆರಳು ಅಡ್ಡ ಹಿಡಿದು ದಿಗಂತದಿಂದ ಸೂರ್ಯನಿಗೆ ಅಳೆದರೆ ಸುಮಾರು ಅರ್ಧ ಗಂಟೆ ಅಂತ ಲೆಕ್ಕ. ಈ ವಿದ್ಯೆಯನ್ನು ಆಮೇಲೆ ಕಲಿತೆ. ಅವತ್ತು ಕಲಿತಿದ್ದರೆ ಮೂರು ಗಂಟೆಗೇ ಗೊತ್ತಾಗುತ್ತಿತ್ತು.

"ಅಣ್ಣ, ಇನ್ನರ್ಧ ಗಂಟೆ" ಅಂದೆವು.

ಕಾವಲಿನ ಹಿರಿಯರು ನಕ್ಕರು. "ಅಪ್ಪಾ, ಸೂರ್ಯಂಗೆ ಟಿಕೆಟ್ ಇಲ್ಲ, ಅವ್ನು ಎಷ್ಟೊತ್ತಿಗಾದ್ರೂ ಹೋಗ್ತಾನೆ. ನೀವು ಆರಕ್ಕೆ ಹೋಗ್ಬೇಕು. ಕತ್ತಲಾದ್ಮೇಲೆ ಬಂಡೆ ಮೇಲಿಂದ ಜಾರಿದ್ರೆ ನಿಮ್ಮವ್ವಂಗೆ ಯಾರು ಫೋನ್ ಮಾಡಾದು?"

ಅವರ ಮಾತು ಸರಿ. ತಪ್ಪು ನಮ್ಮದೇ. ದುರ್ಗದ ಕೋಟೆಯೊಳಗೇ ನಿಂತು ಸೂರ್ಯಾಸ್ತ ನೋಡಬೇಕೆಂದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ನಡುಭಾಗದ ತನಕ ಹೋಗಬೇಕು. ನವೆಂಬರ್‌ನಲ್ಲಿ ಐದು ಐವತ್ತರ ಆಸುಪಾಸಿಗೇ ಮುಳುಗುತ್ತಾನೆ. ಜುಲೈಯಲ್ಲಿ ಹೆಚ್ಚುಕಡಿಮೆ ಏಳು ಗಂಟೆ. ಅಂಥ ದೊಡ್ಡ ಸ್ಟಾರು, ನಿಮ್ಮ ಕಾಲ್‌ಶೀಟಿಗೆ ಕಾಯುತ್ತಾನೆಯೇ? ಅವನ ಕಾಲ್‌ಶೀಟ್ ನೋಡಿಕೊಂಡು ನೀವು ಹೋಗಬೇಕು. ಇನ್ನೊಂದು ಮಾತು, ಸಂರಕ್ಷಿತ ಸ್ಮಾರಕದ ಒಳಗೆ ಚಿತ್ರೀಕರಣಕ್ಕೆ ಅನುಮತಿ ಬೇಕು. ಮೊಬೈಲ್ ತಾನೇ ಅಂತ ಸ್ಟ್ಯಾಂಡು ನೆಟ್ಟು ಕೂರಬೇಡಿ.

ಮುಖ ಇಳಿಬಿಟ್ಟುಕೊಂಡು ಆಚೆ ಬಂದೆವು. ಟೀ ಕುಡಿಯುತ್ತಾ ನಿಂತಾಗ ಗೆಳೆಯ ಸುಮ್ಮನೆ ನನ್ನ ಭುಜ ತಿರುಗಿಸಿದ. ಸೂರ್ಯ ನಮ್ಮ ಬೆನ್ನ ಹಿಂದೆ, ಮನೆಗಳ ಮರೆಗೆ. ಆದರೆ ಎದುರಿಗಿದ್ದ ಬಂಡೆಗಳೆಲ್ಲ ಕುಲುಮೆಯಿಂದ ಎತ್ತಿಟ್ಟ ಕಬ್ಬಿಣದಂತೆ ಕೆಂಪಗಾಗಿದ್ದವು. ಐದು ನಿಮಿಷ. ಆಮೇಲೆ ನೇರಳೆ, ಆಮೇಲೆ ಬೂದಿ. ಟೀ ಅಂಗಡಿಯವನು ತಲೆ ಎತ್ತಲಿಲ್ಲ. ಅವನಿಗದು ದಿನಾ ನೋಡುವ ಪಿಕ್ಚರು.

ಸೂರ್ಯಾಸ್ತ ನೋಡಲು ಹೋದವನು ಒಮ್ಮೆಯಾದರೂ ಹಿಂದೆ ತಿರುಗಬೇಕು ಅನ್ನುವುದು ಅವತ್ತಿನ ಪಾಠ. ಶಾಟ್ ಮಾತ್ರ ಸಿಗಲಿಲ್ಲ.

ಕೃಷ್ಣಮೃಗದ ಬಯಲು

ಎಂಟೊಂಬತ್ತು ತಿಂಗಳು ಹಾಗೇ ಹೋಯಿತು. ಅವನಿಗೆ ಅಂಗಡಿ, ನನಗೆ ಬಿಡಿ ಬರಹ. ಬಿಡಿ ಪತ್ರಕರ್ತ ಅಂದರೆ ಏನು ಅಂತ ಕೇಳುವವರಿಗೆ, ಬರೆದದ್ದೂ ಬಿಡಿ, ಬರುವ ಸಂಭಾವನೆಯೂ ಬಿಡಿ! 2025ರ ಜನವರಿಯಲ್ಲಿ ಮತ್ತೆ ಬೈಕ್ ಎತ್ತಿದೆವು. ಈ ಸಲ ಜಿಲ್ಲೆ ದಾಟಲಿಲ್ಲ.

ನಮ್ಮ ತುಮಕೂರು ಜಿಲ್ಲೆಯಲ್ಲೇ ಒಂದು ಬಟಾಬಯಲು ಇದೆ ಅಂತ ನಮ್ಮ ಕಡೆಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಧುಗಿರಿ ತಾಲ್ಲೂಕು, ಆಂಧ್ರದ ಗಡಿಗೆ ಹತ್ತಿರ, ಮೈದನಹಳ್ಳಿ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಸುಮಾರು 800 ಎಕರೆ ಹುಲ್ಲುಗಾವಲು. ನಡುವೆ ಒಂದು ವೀಕ್ಷಣಾ ಗೋಪುರ. ಕೃಷ್ಣಮೃಗ ಅಂದರೆ ನಮ್ಮ ಪತ್ರಿಕೆ ಓದುಗರಿಗೆ ಮೊದಲು ನೆನಪಾಗುವುದು ಜೋಧಪುರದ ಕೋರ್ಟು ಕೇಸು. ಅದಿರಲಿ. ಇಲ್ಲಿ ಅವು ಕೇಸಿನ ಸಾಕ್ಷಿಗಳಲ್ಲ, ಮನೆ ಯಜಮಾನರು.

ಗಂಡಿಗೆ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ತಲೆ ಮೇಲೆ ತಿರುಪು ತಿರುಪಾದ ಕೊಂಬು. ಹೆಣ್ಣಿಗೆ ಒಣಹುಲ್ಲಿನ ಬಣ್ಣ. ಗಾಬರಿ ಬಿದ್ದರೆ ಒಂದು ನೆಗೆಯುತ್ತದೆ, ಆಮೇಲೆ ಹಿಂದಿನವೆಲ್ಲ ಅದೇ ಜಾಗದಲ್ಲಿ ನೆಗೆಯುತ್ತವೆ. ಅಲ್ಲಿ ಕಾಣದ ಬೇಲಿಯೊಂದಿದೆ ಅನ್ನುವ ಹಾಗೆ!

ಐದೂವರೆಗೆ ಬಯಲು ಬಂಗಾರದ ಬಣ್ಣಕ್ಕೆ ತಿರುಗಿತು. ಜನವರಿಯ ಒಣಹುಲ್ಲು, ಓರೆ ಬಿಸಿಲು. ಒಂದೊಂದು ಹುಲ್ಲಿನ ಕಡ್ಡಿಗೂ ಬೇರೆ ಬೇರೆ ಲೈಟ್ ಬಾಯ್ ನಿಂತಂತೆ. ದೂರದಲ್ಲಿ ಗಂಡು ಮೃಗವೊಂದು ಒಂಟಿಯಾಗಿ, ಸೂರ್ಯನಿಗೂ ನಮಗೂ ನಡುವೆ, ಕೊಂಬೆತ್ತಿ ನಿಂತಿತು. ಹಿಂಡು ಹಿಂದೆ ಧೂಳು ಎಬ್ಬಿಸಿತು. ಆ ಧೂಳೇ ಕೆಂಪಗಾಯಿತು.

ನಿಜ ಹೇಳಲೇ? ನಮ್ಮ ಪಾತ್ರಧಾರಿಯನ್ನು, ಅಂದರೆ ಗೆಳೆಯನ ಸೋದರಮಾವನನ್ನು, ಪಂಚೆ ಉಡಿಸಿ ಕರೆದುಕೊಂಡು ಹೋಗಿದ್ದೆವು. ಅವರನ್ನು ನಡು ಬಯಲಿಗೆ ಓಡಿಸಬೇಕು ಅಂತ ಪ್ಲಾನು. ಆದರೆ ಓಡಿದರೆ ಹಿಂಡು ಚೆದುರುತ್ತದೆ. ಅದರಲ್ಲೂ ಬೀದಿನಾಯಿಗಳ ಕಾಟದಲ್ಲಿ ಹೆದರಿ ಹೆದರಿ ಬದುಕುವ ಪ್ರಾಣಿಗಳು. ಗೆಳೆಯ ಮೊಬೈಲ್ ಎತ್ತಿದ, ನೋಡಿದ, ಕೆಳಗಿಟ್ಟ.

"ಬ್ಯಾಡ ಬುಡ್ಲಾ. ಅವು ಉಣ್ತಾ ಅವೆ" ಅಂದ.

ಡೈರೆಕ್ಟರ್ ಅನ್ನಿಸಿಕೊಂಡವನು ಶಾಟ್ ಬಿಟ್ಟುಕೊಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದು ಅದೊಂದೇ ಸಲ. ಮೂರೂ ಜನ ಸುಮ್ಮನೆ ಕೂತೆವು. ಸೂರ್ಯ ಹೋದ. ಎದ್ದು ಹೊರಡಬೇಕು ಅಂದುಕೊಂಡೆವು. ಆಗ ಶುರುವಾಯಿತು ನೋಡಿ ನಿಜವಾದ ಆಟ! ಮೇಲಿನ ತೆಳು ಮೋಡಗಳಿಗೆ ಕೆಳಗಿನಿಂದ ಬೆಳಕು ಹತ್ತಿಕೊಂಡಿತು. ಸೂರ್ಯ ಹೋದ ಮೇಲೆ ಹತ್ತು ಹದಿನೈದು ನಿಮಿಷಕ್ಕೆ ಆಕಾಶದ ಬಣ್ಣ ತುಂಬಿ ಬರುತ್ತದೆ. ಅರ್ಧ ಜನ ಸೂರ್ಯ ಮುಳುಗಿದ ತಕ್ಷಣ ಎದ್ದು ಹೋಗುತ್ತಾರೆ, ಟೈಟಲ್ ಕಾರ್ಡ್ ನೋಡಿ ಸಿನಿಮಾ ಮುಗೀತು ಅಂದುಕೊಂಡವರ ಹಾಗೆ.

ಶನಿಮಹಾತ್ಮನ ಊರಲ್ಲಿ ಅಪ್ಪನ ಹೊಲ

ಆ ರಾತ್ರಿ ಮಧುಗಿರಿಯಲ್ಲಿ ತಂಗಿ, ಮಾರನೇ ದಿನ ಪಾವಗಡ. ಪಾವಗಡ ಅಂದರೆ ಶನಿಮಹಾತ್ಮ. ಶನಿಯ ತಂದೆ ಯಾರು? ಸೂರ್ಯ! ಮಗನ ಗುಡಿ ಊರೊಳಗೆ. ಅಪ್ಪನ ಹೊಲ ಊರಾಚೆ ತಿರುಮಣಿ ಕಡೆ. ತಮಾಷೆಯಲ್ಲ, ನಿಜವಾದ ಹೊಲ. ಐದು ಹಳ್ಳಿಯ ಸುಮಾರು 13 ಸಾವಿರ ಎಕರೆ ಜಮೀನಿನಲ್ಲಿ 2 ಸಾವಿರ ಮೆಗಾವಾಟ್ ಸೋಲಾರ್ ಪಾರ್ಕು. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಮಳೆಯಿಲ್ಲದೆ ಬರದ ತಾಲ್ಲೂಕು ಅನ್ನಿಸಿಕೊಂಡ ಊರಿನಲ್ಲಿ, ಬಿಸಿಲನ್ನೇ ಬೆಳೆ ಮಾಡಿದ್ದಾರೆ. ಜಮೀನು ಕೊಂಡುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆ ಹಿಡಿದರು. ಮೊದಲಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ.

ಬೇಲಿ ಒಳಗೆ ಬಿಡುವುದಿಲ್ಲ. ರಸ್ತೆ ಬದಿಯ ದಿಬ್ಬದ ಮೇಲೆ ನಿಂತೆವು. ಕಣ್ಣಿಗೆ ಕಾಣುವಷ್ಟು ದೂರ ಕಪ್ಪು ಗಾಜಿನ ಸಾಲು. ಸಂಜೆ ಸೂರ್ಯ ಇಳಿದ ಹಾಗೆ ಆ ಗಾಜೆಲ್ಲ ಕೆಂಪಾಗಿ, ಕೆರೆಯೊಂದು ತುಂಬಿ ನಿಂತ ಹಾಗೆ ಕಂಡಿತು. ನೀರೇ ಇಲ್ಲದ ಸೀಮೆಯಲ್ಲಿ ಕೆರೆ! ಗೆಳೆಯ ಉಸಿರು ಬಿಡದೆ ಶೂಟ್ ಮಾಡಿದ. ಚಿತ್ರಕ್ಕೆ ಹೊಂದುವುದಿಲ್ಲ ಅಂತ ಅವನಿಗೂ ಗೊತ್ತಿತ್ತು.

ದಿಬ್ಬದ ಮೇಲೆ ನಮಗಿಂತ ಮೊದಲೇ ಒಬ್ಬ ಯಜಮಾನರು ಕೂತಿದ್ದರು. ಅರ್ಧ ತೆಲುಗು, ಅರ್ಧ ಕನ್ನಡ. ಅವರ ಎಂಟೆಕರೆ ಆ ಗಾಜಿನ ಕೆಳಗಿದೆ. ಕಡಲೆಕಾಯಿ ಹಾಕುತ್ತಿದ್ದರಂತೆ. ಮೂರು ವರ್ಷಕ್ಕೊಂದು ವರ್ಷ ಕೈಗೆ ಹತ್ತುತ್ತಿತ್ತು.

"ಈಗ ಹೇಗೆ ಯಜಮಾನ್ರೇ?"

"ದುಡ್ಡು ಬತ್ತೈತಪ್ಪ, ಸುಳ್ಳು ಯಾಕೆ. ಸಾಲ ತೀರ್ತು, ಮಗಳ ಮದುವೆ ಆಯ್ತು. ಆದ್ರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗಲ್ಲ. ಸಂಜೆ ಇಲ್ಲಿ ಬಂದು ಕೂತ್ಕೊಂತೀನಿ. ನನ್ನ ಹೊಲ ಎಲ್ಲಿತ್ತು ಅಂತ ಗುರ್ತು ಹಿಡೀತೀನಿ. ಅಗೋ, ಆ ಕಂಬದಿಂದ ಏಳನೇ ಸಾಲು."

ನಾನು ಆ ಏಳನೇ ಸಾಲು ಎಣಿಸಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಕೈ ಬರಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ನಮ್ಮ ಮನೆ ಹಿಂದೆ ಹೀಗೇ ಕೂತಿರುವ ಇನ್ನೊಬ್ಬರು ನೆನಪಾದರು.

ನಲವತ್ತು ಮರ

ಈಗ ಮನೆ ಮಾತು. ನಮ್ಮದು ಎರಡೂವರೆ ಎಕರೆ ತೋಟ. ಅಜ್ಜ ಇಟ್ಟ ಗಿಡಗಳು. ಕಾಯಿ ಬಲಿತ ಮೇಲೆ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ವರ್ಷ ಕಾದು, ಒಳಗೆ ಗೊಟಗೊಟ ಸದ್ದು ಬಂದಾಗ ಒಡೆದರೆ ಉಂಡೆ ಕೊಬ್ಬರಿ. ತಿಪಟೂರು ಮಾರುಕಟ್ಟೆಯಲ್ಲಿ ಅದೇ ನಮ್ಮ ಸಂಬಳ. 2016ರಲ್ಲಿ ನಾನು ದ್ವಿತೀಯ ಪಿಯುಸಿ. ಮಳೆ ಹೋಯಿತು, ಬೋರು ನಿಂತಿತು. ಅಪ್ಪ ಎರಡು ಬೋರು ಕೊರೆಸಿದರು. ಒಂದರಲ್ಲಿ ಧೂಳು, ಇನ್ನೊಂದರಲ್ಲಿ ಒಂದು ತಿಂಗಳಿಗಾಗುವಷ್ಟು ನೀರು. ನಾನು ಕಾಲೇಜು ಬಿಟ್ಟೆ. ಓದಿನಲ್ಲಿ ಹುಷಾರಿದ್ದು ಬಿಟ್ಟೆ ಅಂತ ಕಥೆ ಕಟ್ಟುವುದಿಲ್ಲ. ಬಿಡಲು ಒಂದು ನೆಪ ಸಿಕ್ಕಿತು ಅಂತಲೂ ಒಳಗೆ ಎಲ್ಲೋ ಇತ್ತು. ಅಪ್ಪ ಅದನ್ನು ಬಲ್ಲರು. ಈ ತನಕ ಒಂದು ಮಾತು ಆಡಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ತೆಂಗಿನ ಮರ ಒಂದೇ ದಿನ ಸಾಯುವುದಿಲ್ಲ. ಮೊದಲು ಕುರುಂಬೆ ಉದುರುತ್ತದೆ. ಹೊಂಬಾಳೆ ಸಣ್ಣದಾಗುತ್ತದೆ. ಕೆಳಗಿನ ಗರಿ ಜೋತು ಬೀಳುತ್ತದೆ. ಕೊನೆಗೆ ಸುಳಿ ಒಣಗುತ್ತದೆ. ಸುಳಿ ಹೋದ ಮರ ಮತ್ತೆ ಚಿಗುರುವುದಿಲ್ಲ. 2018ರ ಬೇಸಿಗೆಯಲ್ಲಿ ಪಡುವಣ ದಿಕ್ಕಿನ ನಲವತ್ತು ಮರ ಕಡಿಸಿದೆವು. ಅವತ್ತು ಅವ್ವ ಒಲೆ ಹಚ್ಚಲಿಲ್ಲ. ಸಂಜೆ ಹಿತ್ತಿಲ ಬಾಗಿಲು ತೆಗೆದರೆ, ಇಡೀ ಮನೆಯೊಳಕ್ಕೆ ಕೆಂಪು ಬೆಳಕು ನುಗ್ಗಿತು. ಅಟ್ಟದ ಏಣಿ ತನಕ, ದೇವರ ಗೂಡಿನ ತನಕ. ಅಷ್ಟು ವರ್ಷದಲ್ಲಿ ಆ ಮನೆಯೊಳಗೆ ಅಂಥ ಬೆಳಕು ಬಂದಿರಲಿಲ್ಲ.

ನಾನು ಮೊದಲು ನೋಡಿದ ಸೂರ್ಯಾಸ್ತ ಅದು. ಇಪ್ಪತ್ತು ತುಂಬಿದ ವರ್ಷ ಅಂದೆನಲ್ಲ, ಅದೇ. ಅಷ್ಟು ಚೆಂದದ್ದನ್ನು ಅಷ್ಟು ಹೊಟ್ಟೆ ಉರಿಯಿಂದ ಯಾರೂ ನೋಡಿರಲಾರರು.

ಅದಕ್ಕೇ ಗೆಳೆಯ ಬಟಾಬಯಲು ಎಲ್ಲೈತ್ಲಾ ಅಂದಾಗ, ನಮ್ಮ ಮನೆ ಹಿಂದೆ ಐತೆ ಅಂತ ನಾನು ಹೇಳಲಿಲ್ಲ. ಚಿತ್ರದುರ್ಗಕ್ಕೆ ಕರೆದೊಯ್ದೆ, ಮೈದನಹಳ್ಳಿಗೆ ಕರೆದೊಯ್ದೆ, ಪಾವಗಡಕ್ಕೆ ಕರೆದೊಯ್ದೆ. ಕಥೆ ಬರೆದವನು ನಾನೇ. ಬೋರ್‌ವೆಲ್ ಕೊರೆಸಿ ಕೈ ಸುಟ್ಟುಕೊಂಡ ರೈತ ಯಾರು ಅಂತ ನಿಮಗೆ ಈಗ ತಿಳಿದಿರಬೇಕು.

2025ರ ಮಾರ್ಚಿಯಲ್ಲಿ ಅವನೇ ನಮ್ಮ ಮನೆಗೆ ಬಂದ, ಪಾವಗಡದ ಶಾಟ್ ತೋರಿಸಲು. ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಹೋದ. ಹೋದವನು ಅಲ್ಲೇ ನಿಂತ. ಅಪ್ಪ ಎಂದಿನಂತೆ ಕಡಿದ ಮರದ ಬೊಡ್ಡೆ ಮೇಲೆ ಕೂತಿದ್ದರು. ಮಾರ್ಚಿ ಅಂದರೆ ಸೂರ್ಯ ನೇರ ಪಡುವಣಕ್ಕೇ ಇಳಿಯುವ ತಿಂಗಳು. ಡಿಸೆಂಬರ್‌ನಲ್ಲಿ ಎಡಕ್ಕೆ ಸರಿದು ಪಕ್ಕದವರ ತೋಟದ ಹಿಂದೆ ಹೋಗುತ್ತಾನೆ, ಜೂನ್‌ನಲ್ಲಿ ಬಲಕ್ಕೆ. ಮಾರ್ಚಿ ಮತ್ತು ಸೆಪ್ಟೆಂಬರ್‌ನಲ್ಲಿ ಮಾತ್ರ ನಮ್ಮ ಬಯಲಿನ ನಟ್ಟನಡುವೆ, ಅಪ್ಪನ ತಲೆಗೆ ಸಮನಾಗಿ.

"ಇಷ್ಟು ದಿನ ಯಾಕ್ಲಾ ಹೇಳ್ಲಿಲ್ಲ?" ಅಂದ ಗೆಳೆಯ. ನಾನು ಮಾತಾಡಲಿಲ್ಲ. ಅವನು ಕೇಳುವುದನ್ನು ನಿಲ್ಲಿಸಿದ. ಆಮೇಲೆ ನೇರ ಅಪ್ಪನ ಹತ್ತಿರವೇ ಹೋಗಿ ಕೇಳಿಬಿಟ್ಟ. "ಯಜಮಾನ್ರೇ, ಹಿಂಗೇ ಕೂತಿರಿ, ಒಂದು ಶಾಟ್ ತಗಂತೀನಿ."

ನಾನು ಬೇಡ ಅನ್ನುವುದರೊಳಗೆ ಅಪ್ಪ ಹೆಗಲ ಮೇಲಿನ ಟವಲು ಕೊಡವಿ ಮಡಚಿಟ್ಟರು. ಅಂಗಿ ಗುಂಡಿ ಹಾಕಿಕೊಂಡರು. "ಎಲ್ಲಿ ನೋಡ್ಬೇಕು?" ಅಂತ ಕೇಳಿದರು, ಹತ್ತು ಪಿಕ್ಚರ್‌ನಲ್ಲಿ ಮಾಡಿದವರ ಹಾಗೆ!

"ದಿನಾ ಎಲ್ಲಿ ನೋಡ್ತೀರೋ ಅಲ್ಲೇ."

ಎರಡು ನಿಮಿಷ. ರೀಟೇಕ್ ಇಲ್ಲ. ಸೂರ್ಯ ಹೋದ. ಗೆಳೆಯ ಕಟ್ ಅನ್ನುವುದನ್ನೇ ಮರೆತ. ಆಗ ಅಪ್ಪ ಯಾರಿಗೋ ಹೇಳುವಂತೆ ಹೇಳಿದರು:

"ಐವತ್ತು ವರ್ಸ ಈ ಮನೇಲಿ ಇದ್ದೀನಿ. ಸೂರ್ಯ ಎಲ್ಲಿ ಮುಳುಗ್ತಾನೆ ಅಂತ್ಲೇ ಗೊತ್ತಿರ್ಲಿಲ್ಲ ನಂಗೆ. ಮರ ಹೋಗಿದ್ದಕ್ಕೆ ಕಂಡ. ಚೆನ್ನಾಗವ್ನೆ. ಆದ್ರೂ ಮುಚ್ಚೋಗ್ಲಿ."

ಮುಚ್ಚಿಹೋಗಲಿ ಅಂದಿದ್ದು ಯಾಕೆ ಅಂದರೆ, 2021ರಲ್ಲಿ ಮಳೆ ಹಿಡಿದ ಮೇಲೆ ಅದೇ ಜಾಗದಲ್ಲಿ ಮೂವತ್ತಾರು ತೆಂಗಿನ ಸಸಿ ಇಟ್ಟಿದ್ದಾರೆ. ತಿಪಟೂರು ಟಾಲ್ ತಳಿ. ಫಸಲಿಗೆ ಬರಲು ಆರರಿಂದ ಎಂಟು ವರ್ಷ ಬೇಕು. ಈಗ ಗರಿಗಳು ನನ್ನ ತಲೆ ಮೀರಿ ನಿಂತಿವೆ. ಬೊಡ್ಡೆ ಮೇಲೆ ಕೂತು ಅಪ್ಪ ಸೂರ್ಯನನ್ನು ನೋಡುತ್ತಿದ್ದಾರೆ ಅಂತ ನಾನು ವರ್ಷಗಟ್ಟಲೆ ಅಂದುಕೊಂಡಿದ್ದೆ. ನೋಡುತ್ತಿದ್ದದ್ದು ಸಸಿಗಳನ್ನು. ಸೂರ್ಯ ಹಿಂದುಗಡೆ ಸುಮ್ಮನೆ ಬಂದು ಹೋಗುತ್ತಿದ್ದ, ಜೂನಿಯರ್ ಆರ್ಟಿಸ್ಟ್ ಥರ.

ವಿಧಿಯ ಹಾಸ್ಯ ಇನ್ನೊಂದಿದೆ. ಆ 2025ರಲ್ಲೇ ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 20 ಸಾವಿರ ದಾಟಿತು. ಮರ ಇದ್ದಾಗ ಬೆಲೆ ಇರಲಿಲ್ಲ, ಬೆಲೆ ಬಂದಾಗ ನಲವತ್ತು ಮರ ಇರಲಿಲ್ಲ. ಅವ್ವ ಈ ಲೆಕ್ಕ ಹಾಕಿ ಬೈದುಕೊಳ್ಳುತ್ತಾಳೆ. ಅಪ್ಪ ಹಾಕುವುದಿಲ್ಲ.

ಹೋಗುವವರಿಗೆ ನಾಲ್ಕು ಮಾತು

ಸೂರ್ಯಾಸ್ತ ನೋಡಲು ಹೊರಟ ಗೆಳೆಯರೇ, ನಾನು ಬಸ್ ಚಾರ್ಜು ಕೊಟ್ಟು ಕಲಿತದ್ದು ನಿಮಗೆ ಪುಕ್ಕಟೆ. ಬಾಗಿಲು ಇರುವ ಜಾಗವಾದರೆ ಮುಚ್ಚುವ ಹೊತ್ತು, ಸೂರ್ಯ ಮುಳುಗುವ ಹೊತ್ತು ಎರಡನ್ನೂ ಮೊದಲೇ ತಿಳಿದುಕೊಳ್ಳಿ. ದುರ್ಗಕ್ಕೆ ನವೆಂಬರ್ ಬೆಸ್ಟು. ಮಳೆ ಬಂದು ಬಿಟ್ಟ ಮಾರನೇ ದಿನ ಗಾಳಿ ತೊಳೆದಂತಿರುತ್ತದೆ, ಬಣ್ಣ ಚೊಕ್ಕ. ಪೂರ್ತಿ ಖಾಲಿ ಆಕಾಶಕ್ಕಿಂತ ಮೇಲೆ ತೆಳುಮೋಡ ಇದ್ದರೆ ಚೆಂದ. ಸೂರ್ಯ ಇನ್ನೂ ಉರಿಯುತ್ತಿರುವಾಗ ದಿಟ್ಟಿಸಬೇಡಿ, ಕ್ಯಾಮೆರಾದಲ್ಲೂ ಇಣುಕಬೇಡಿ, ಕಣ್ಣು ಒಂದೇ ಜೊತೆ ಇರುವುದು. ಒಮ್ಮೆ ಹಿಂದೆ ತಿರುಗಿ. ಮುಳುಗಿದ ಮೇಲೆ ಕಾಲು ಗಂಟೆ ಕೂತಿರಿ. ಟಾರ್ಚು, ನೀರು, ವಾಪಸ್ ಕೊನೇ ಬಸ್ಸಿನ ಟೈಮು ಜೇಬಿನಲ್ಲಿರಲಿ. ಮೃಗಗಳಿರುವ ಕಡೆ ಬಾಯಿಗೆ ಬೀಗ.

ಕಿರುಚಿತ್ರ ಏನಾಯಿತು ಅಂತ ಕೇಳುತ್ತೀರಿ. ಎಡಿಟಿಂಗ್ ನಡೀತಿದೆ, ಗಾಂಧಿನಗರದ ಭಾಷೆಯಲ್ಲಿ ಹೇಳುವುದಾದರೆ 'ಶೀಘ್ರದಲ್ಲೇ ತೆರೆಗೆ'. ಕೊನೇ ಶಾಟ್ ಅಪ್ಪನದೇ ಇಟ್ಟಿದ್ದಾನೆ. ಸೋದರಮಾವ ಮುನಿಸಿಕೊಂಡಿದ್ದಾರೆ.

ಇಷ್ಟೆಲ್ಲ ಸುತ್ತಿ ಬಂದವನು, ಎಲ್ಲಕ್ಕಿಂತ ಒಳ್ಳೆ ಜಾಗದ ವಿಳಾಸ ಮಾತ್ರ ಯಾಕೆ ಕೊಡುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಆ ಜಾಗ ಇನ್ನು ಕೆಲವೇ ವರ್ಷ. ಒಂದೊಂದು ಮಳೆಗೂ ಗರಿ ಒಂದಿಷ್ಟು ಮೇಲೇರುತ್ತದೆ, ಸೂರ್ಯ ಒಂದಿಷ್ಟು ಮರೆಯಾಗುತ್ತಾನೆ. ಒಂದು ದಿನ ಮತ್ತೆ ನಮ್ಮ ಮನೆ ಹಿತ್ತಿಲಲ್ಲಿ ಐದೂವರೆಗೇ ಚಿಲ್ಲರೆ ಕಾಸಿನ ಬೆಳಕು ಚೆಲ್ಲಿ ಕತ್ತಲಾಗುತ್ತದೆ.

ಆ ದಿನ ನಿಮಗೆಲ್ಲ ಎಳನೀರು ನನ್ನ ಖರ್ಚಿನಲ್ಲಿ. ಸೂರ್ಯಾಸ್ತ ನೋಡಬೇಕು ಅನ್ನುವವರು ಮಾತ್ರ ಟಾಕೀಸಿಗೆ ಹೋಗಿ!